ವೈವಾ ಮುಗಿಯುವವರೆಗೆ

"ನನ್ನ ಮಗನಿಗೆ ಸಂಜೆಯವರೆಗೆ ಹೇಳಬೇಡಿ," ಎಂದು ದಮಯಂತಿ ಫೋನಿನಲ್ಲಿ ಹಿಂದಿಯಲ್ಲಿ ಹೇಳಿದಳು. ಮುಂಬಯಿ ಪಕ್ಕದ ಠಾಣೆ ಸ್ಟೇಷನ್ನಿಗೆ ಪನ್ವೇಲ್ ಗಾಡಿ ಬಂದು ನಿಂತಿತ್ತು.

"ಆಪ್ ಲೋಗ್ ಭೀ ನಾ..." ಎಂದ ಐಸಿಯುವಿನ ನರ್ಸ್ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಕಾಗದಪತ್ರ ಮುಗಿದು ದೇಹ ಕೈಗೆ ಸಿಗುವಾಗ ಹೇಗೂ ಸಂಜೆಯಾಗುತ್ತದೆ, ಆಗ ಬನ್ನಿ ಎಂದಳು.

ಎಂಥ ಜನ ನೀವು ಎಂದು ಚುಚ್ಚಿದಳೇನೋ. ಚುಚ್ಚಲಿ. ಗಂಡ ಸತ್ತ ಸುದ್ದಿ ಕೇಳಿ, ಗಾಡಿ ಹತ್ತಿ, ಕಿಟಕಿ ಪಕ್ಕದ ಸೀಟು ಹುಡುಕಿ ಕೂತ ಹೆಂಗಸಿನ ಬಗ್ಗೆ ಯಾರು ಏನು ಬೇಕಾದರೂ ಅಂದುಕೊಳ್ಳಬಹುದು. ದಮಯಂತಿಗೆ ಅಳು ಬರಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ದಿನಾ ಬೆಳಿಗ್ಗೆ ಡೊಂಬಿವಲಿಯ ಮನೆಯಿಂದ ಹೊರಟವಳು ಐಸಿಯುವಿಗೆ ಫೋನು ಮಾಡಿ ವಿಚಾರಿಸುತ್ತಿದ್ದಳು. ಇವತ್ತೂ ಹಾಗೇ ಮಾಡಿದ್ದಳು. ಗಂಡ ಮುರಾರಿ ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು; ಫೋನೆತ್ತಿದ ವಾರ್ಡ್‌ಬಾಯ್ ಅದನ್ನು ಹೇಳಿಬಿಟ್ಟ ಮೇಲೆಯೇ ನರ್ಸ್ ಫೋನು ಕಸಿದುಕೊಂಡಿದ್ದಳು. ಆಸ್ಪತ್ರೆಯವರೇ ತಾವಾಗಿ ತನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳುವ ತ್ರಾಣವೂ ಅವಳಿಗಿರಲಿಲ್ಲ.

ಸೀವುಡ್ಸ್ ಹತ್ತಿರದ ಆ ಜೀವವಿಜ್ಞಾನ ಸಂಸ್ಥೆಯಲ್ಲಿ ಮುರಾರಿಯದು ಕ್ಯಾಂಟೀನು. ಕೆಳಗೆ ಅಪ್ಪ ಇಡ್ಲಿ ಬೇಯಿಸುತ್ತಿದ್ದರೆ ಮೇಲೆ ಮಗ ಮಯೂರ್ ಸಮುದ್ರದ ಖಾರಿಯ ಕೆಸರಿನಲ್ಲಿ ಬದುಕುವ ಮೀನಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ಪರೀಕ್ಷಕರಿಗೆ ಕಾಯಿಲೆ, ಇನ್ನೊಮ್ಮೆ ಮುರಾರಿಗೆ. ಇವತ್ತೂ ತಪ್ಪಿದರೆ ನೋಂದಣಿಯ ಅವಧಿ ಮುಗಿದು ಇಷ್ಟು ವರ್ಷದ ಕೆಲಸವೆಲ್ಲ ನೀರುಪಾಲು. ಮೊನ್ನೆ ಐಸಿಯುವಿನಲ್ಲಿ ಮಾಸ್ಕ್ ಸರಿಸಿ ಮುರಾರಿ ಅವಳಿಗೂ ಮಗನಿಗೂ ಹೇಳಿದ್ದರು. "ನಾನು ಸತ್ರೂ ವೈವಾ ಮುಂದೆ ಹಾಕ್ಲಿಕ್ಕಿಲ್ಲ, ಗೊತ್ತಾಯ್ತಲ್ಲ?"

ಗಾಡಿಯಲ್ಲಿ ಅವಳು ಸಂಜೆಯ ಮಾತನ್ನು ಜೋಡಿಸಿಕೊಂಡಳು. ಮೊದಲು ಅವನನ್ನು ಕೂರಿಸಬೇಕು. ನೀರು ಕುಡಿಸಬೇಕು. ಆಮೇಲೆ ಹೇಳಬೇಕು.

ಮಗ ರಾತ್ರಿ ಸಂಸ್ಥೆಯಲ್ಲೇ ಉಳಿದಿದ್ದ. ಮೀನಿನ ತೊಟ್ಟಿಗಳಿದ್ದ ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅವಳ ಧೈರ್ಯಕ್ಕೆ ಇದ್ದದ್ದು ಅದೊಂದೇ.

ಮಯೂರ್ ಸಂಸ್ಥೆಯ ಗೇಟಿನ ಹತ್ತಿರವೇ ಕಾಯುತ್ತಿದ್ದ. ಕಣ್ಣು ಕೆಂಪಗಿತ್ತು. ನಿದ್ದೆಗೆಟ್ಟಿದ್ದಾನೆ ಪಾಪ ಎಂದುಕೊಂಡಳು.

"ತಿಂಡಿ ಆಯ್ತಾ ಅಮ್ಮ? ಏನಾದ್ರೂ ತಿಂದು ಬಾ," ಎಂದ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗ. ಇವತ್ತು ಕನ್ನಡದಲ್ಲೇ ಮಾತಾಡಿದ; ಹೊರಗಿನವರು ಬಂದಿದ್ದಾರೆಂದು ಮರ್ಯಾದೆ ಕಲಿತಿರಬೇಕು. ಅಪ್ಪ ಹೇಗಿದ್ದಾರೆ ಎಂದು ಕೇಳಿದರೆ ಹೇಳಲು ಒಂದು ಸುಳ್ಳನ್ನು ತಯಾರು ಮಾಡಿಟ್ಟುಕೊಂಡಿದ್ದಳು. ಅವನು ಕೇಳಲಿಲ್ಲ. ಪರೀಕ್ಷೆಯ ಹೊತ್ತಿಗೆ ಮಕ್ಕಳಿಗೆ ಬೇರೇನು ನೆನಪಿರುತ್ತದೆ?

ಗ್ರಹಚಾರ ಎದುರಾದದ್ದು ಸಭಾಂಗಣದ ದೀಪದ ಹತ್ತಿರ. ವೈವಾಕ್ಕೆ ನಿಂತವನೇ ಮೊದಲ ಬತ್ತಿ ಹಚ್ಚುವುದು ಆ ಸಂಸ್ಥೆಯ ಪದ್ಧತಿ. ಗೈಡ್ ಮಾನಸಿ ಮೇಡಂ ಉರಿಯುವ ಮೇಣದಬತ್ತಿ ಹಿಡಿದು ಕರೆದರು. "ಇವತ್ತು ತಾಯಿ ಮಗ ಇಬ್ಬರೂ ಹಚ್ಚಲಿ."

ಸೂತಕದ ಕೈ. ದಮಯಂತಿ ಸೆರಗಿನೊಳಗೆ ಎರಡೂ ಕೈ ಎಳೆದುಕೊಂಡಳು. ತಾನೇನೋ ನೆಪ ಹೇಳಬಹುದು. ಏನೂ ಗೊತ್ತಿಲ್ಲದ ಮಗನನ್ನು ತಡೆಯುವುದು ಹೇಗೆ? ಅವಳು ಬಾಯಿ ತೆರೆಯುವ ಮೊದಲೇ ಮಯೂರ್ ಮೇಣದಬತ್ತಿ ಮುಟ್ಟದೆ ಹೈದರಾಬಾದಿನಿಂದ ಬಂದ ಪರೀಕ್ಷಕರತ್ತ ಕೈ ತೋರಿಸಿದ. "ಹಿರಿಯರು ಅವರೇ ಹಚ್ಚಲಿ, ಮೇಡಂ. ಅಮ್ಮನಿಗೆ ಹೊಗೆ ಆಗುವುದಿಲ್ಲ." ಅವಳಿಗೆ ಹೊಗೆಯ ತೊಂದರೆ ಯಾವತ್ತೂ ಇರಲಿಲ್ಲ. ಆದರೂ ದೇವರು ದೊಡ್ಡವನು ಎಂದು ಹೋಗಿ ಕೂತಳು.

ವೈವಾ ನಡೆಯಿತು. ಪರದೆಯ ಮೇಲೆ ಮೀನಿನ ಪುಟ್ಟ ಹೃದಯ ಮಿಡಿಯುತ್ತಿತ್ತು. ಕೊನೆಗೆ ಪರೀಕ್ಷಕರು ಕೇಳಿದರು, "ಆಮ್ಲಜನಕ ಮುಗಿದಾಗ ಮೀನು ಏನು ಮಾಡುತ್ತದೆ?"

ಮಯೂರ್ ಮೇಜು ಹಿಡಿದುಕೊಂಡು ನಿಂತ. ಸಭೆ ಕಾಯಿತು. ಇನ್ನೇನು ಎಲ್ಲ ಕೈತಪ್ಪಿತು ಎಂದುಕೊಂಡಳು ದಮಯಂತಿ.

"ಅಲ್ಲಾಡದೆ ಇರುತ್ತದೆ ಸರ್," ಎಂದ ಕೊನೆಗೆ. "ಹೃದಯ ನಿಧಾನ ಮಾಡಿಕೊಂಡು, ಇಳಿದ ನೀರು ವಾಪಸು ಬರುವವರೆಗೆ ಕಾಯುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ."

ಪರೀಕ್ಷಕರು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಮಾನಸಿ ಮೇಡಂ ಎದ್ದು ಡಾಕ್ಟರ್ ಮಯೂರ್ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕ್ಯಾಂಟೀನಿನ ಅಡುಗೆಯ ಗುರುವಪ್ಪ ಕಾಶಿಹಲ್ವಾದ ತಟ್ಟೆ ಹಿಡಿದು ಓಡಿಬಂದ.

"ಧಣಿಗಳು ಆಸ್ಪತ್ರೆಗೆ ಹೋಗುವಾಗಲೇ ಹೇಳಿ ಹೋಗಿದ್ರು, ತುಪ್ಪ ಕಮ್ಮಿ ಮಾಡ್ಬೇಡ ಅಂತ. ಅವರಿಗೂ ಒಂಚೂರು ಕಟ್ಟಿಕೊಡ್ಲಾ ಅಮ್ಮ?"

"ಕಟ್ಟು," ಎಂದಳು ದಮಯಂತಿ.

ಅಪ್ಪನ ಹಲ್ವಾ ಎಂದರೆ ಪ್ರಾಣ ಬಿಡುವ ಮಗ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಮೇಡಂ ಕಾಲಿಗೆ ಬೀಳಲಿಲ್ಲ. ತಾಯಿಯ ಕಾಲಿಗೂ ಬೀಳಲಿಲ್ಲ. ಸೂತಕದಲ್ಲಿ ಬೀಳಬಾರದಲ್ಲ, ಒಳ್ಳೆಯದೇ ಆಯಿತು ಎಂದು ಅವಳು ಉಸಿರು ಬಿಟ್ಟಳು.

ಎಲ್ಲರೂ ಚಹಾಕ್ಕೆ ಹೊರಟಾಗ ಕಾರಿಡಾರಿನಲ್ಲಿ ಅವರಿಬ್ಬರೇ ಉಳಿದರು. ಇನ್ನು ತಡ ಮಾಡುವಂತಿರಲಿಲ್ಲ. ಬೆಂಚಿನತ್ತ ಕರೆಯಲು ಅವಳು ಕೈ ಚಾಚಿದಳು. ಆ ಕೈಯನ್ನು ಮಯೂರ್ ಹಿಡಿದುಕೊಂಡ.

"ಕೂತ್ಕೋ ಅಮ್ಮ," ಎಂದ. ಕೂರಿಸಿದ. ಬ್ಯಾಗಿನಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅವಳ ಕೈಗಿತ್ತ. "ಮೊದಲು ನೀರು ಕುಡಿ."

ಅವಳು ಕುಡಿದಳು. ಅವನು ಅವಳ ಮುಂದೆ ಮಂಡಿಯೂರಿ ಕೂತ.

"ಅಪ್ಪ ಬೆಳಿಗ್ಗೆಯೇ ಹೋದ್ರು ಅಮ್ಮ. ನೆಲಮಾಳಿಗೆಯಿಂದ ಮೇಲೆ ಬಂದು ಫೋನ್ ಮಾಡಿದಾಗ ಗೊತ್ತಾಯ್ತು. ನಿನಗೆ ಸಂಜೆವರೆಗೆ ಹೇಳ್ಬೇಡಿ ಅಂತ ನರ್ಸ್ ಹತ್ರ ನಾನೇ ಹೇಳಿದ್ದೆ."