ಪದದೊಳಗಿನ ಕೊಳಾಯಿ

“ಈ ಪದ ತೋಪಯ್ಯಂದು ಹೌದಾ, ಅಲ್ವಾ? ಅಷ್ಟು ಹೇಳ್ಬುಡವ್ವ ಸಾಕು,” ಎಂದು ಅಮೂಲ್ಯಳಿಗೆ ಹೇಳುತ್ತ ದೇವರಾಜು ಬೋರಮ್ಮಜ್ಜಿಯ ಜಗಲಿಯ ಮೇಲೆ ಕೂತ. ಕೂಟಗಲ್ಲಿನ ಗದ್ದುಗೆ ಕಮಿಟಿಗೆ ಅವನೇ ಕಾರ್ಯದರ್ಶಿ. ನಾಳೆ ಗುರುಪೂಜೆ. ನೂರು ವರ್ಷದ ಹಿಂದೆ ತೀರಿಹೋದ ಪದಕಾರ ತೋಪಯ್ಯನ ಗದ್ದುಗೆಯ ಮುಂದೆ ಗಂಡಸರು ಮಾತ್ರ ತತ್ವಪದ ಹಾಡುವುದು ರೂಢಿ. ಅಜ್ಜಿಗೋ, ಈ ಸಲ ತಾನೂ ಅಲ್ಲಿ ಕೂತು ಹಾಡಲೇಬೇಕು. ಕಂಬದ ಮರೆಯಲ್ಲಿ ನಿಂತು ಕೇಳಿ ಕೇಳಿಯೇ ಎಲ್ಲ ಪದ ಕಲಿತ ಮುದುಕಿ. ಹಾಡದೆ ಸತ್ತರೆ ಮಣ್ಣೊಳಗೂ ಗಂಟಲು ಕೆರೆಯುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಕಮಿಟಿ ಆಗಲ್ಲ ಅಂದಿತು. ಅಂದ ಮಾರನೇ ದಿನವೇ, ಹೆಂಗಸರೂ ಹಾಡಲಿ ಎಂದು ತೋಪಯ್ಯ ಕಟ್ಟಿದ ಪದವೊಂದು ಅಜ್ಜಿಗೆ ನೆನಪಾಯಿತು. ಎಂಥಾ ಹೊತ್ತಿಗೆ ನೆನಪಾಯಿತು ನೋಡಿ!

ಪದದ ಕಡೆಯಲ್ಲಿ ‘ತೋಪಿನೊಡೆಯ’ ಎಂದು ಅಂಕಿತ ಬಿದ್ದರೆ ಆ ಊರಲ್ಲಿ ಆ ಮಾತಿಗೆ ಎದುರಿಲ್ಲ. ಅಂಕಿತ ನಿಜವೋ ಸುಳ್ಳೋ ಹೇಳುವುದಕ್ಕೆ ಎದುರುಮನೆ ಅಮೂಲ್ಯಳೇ ಸರಿ ಎಂದು ದೇವರಾಜು ಅವಳನ್ನು ಕರೆಸಿದ್ದ. ಮೊದಲ ಕಾಲದ ಕ್ರೈಸ್ತರಲ್ಲಿ ಕೆಲವರು ತಾವು ಬರೆದದ್ದಕ್ಕೆ ಸಂತ ಪೌಲನಂಥ ದೊಡ್ಡವರ ಹೆಸರು ಹಾಕಿದ್ದರಲ್ಲ, ಅಂಥವನ್ನು ಪತ್ತೆಹಚ್ಚುವುದೇ ಅವಳ ಪಿಎಚ್‌ಡಿ.

ನಿನ್ನೆ ಅವರೆಕಾಯಿ ಸುಲಿಯುತ್ತ ಅಜ್ಜಿ ಅದನ್ನೇ ಕೆದಕಿದ್ದಳು. “ಯಾಕವ್ವ ಹಂಗ್ ಬರುದ್ರು?”

“ಸ್ವಂತ ಹೆಸರಲ್ಲಿ ಬರೆದ್ರೆ ಯಾರು ಕೇಳ್ತಿದ್ರು ಅಜ್ಜಿ? ಹೆಂಗಸರು ಬಾಯಿ ಮುಚ್ಚಿಕೊಂಡಿರಲಿ ಅಂತ ಪೌಲನ ಹೆಸರಲ್ಲಿ ಒಬ್ಬ ಬರೆದ ಅಂತಾರೆ. ಇನ್ನೊಬ್ಬ ಪಾದ್ರಿ ಪೌಲನ ಕಥೆ ಕಟ್ಟಿ, ಅದರಲ್ಲಿ ಒಬ್ಬ ಹೆಂಗಸಿನ ಕೈಲೇ ಉಪದೇಶ ಮಾಡಿಸಿದ. ಸಿಕ್ಕಿಬಿದ್ದ, ಪಾಪ. ಪೌಲನ ಮೇಲಿನ ಪ್ರೀತಿಗೆ ಬರೆದೆ ಅಂದ. ಆದ್ರೂ ಪಾದ್ರಿಗಿರಿ ಹೋಯ್ತು.”

 ಈಗ ದೇವರಾಜುವಿನ ಮುಂದೆ ಅಜ್ಜಿ ಕಣ್ಣು ಮುಚ್ಚಿ ಪದ ಎತ್ತಿಕೊಂಡಳು:

“ಗಂಡಿಗೊಂದು ಹೆಣ್ಣಿಗೊಂದು ಕೊಳಾಯಿ ಉಂಟೆ
ನೀರಿಗಿಲ್ಲದ ಭೇದ ನಾಲಗೆಗುಂಟೆ ತೋಪಿನೊಡೆಯ…”

ಅಮೂಲ್ಯ ತಟಕ್ಕನೆ ತಲೆಯೆತ್ತಿದಳು. ಕೊಳಾಯಿ! ಊರಿಗೆ ಕೊಳಾಯಿ ಬಂದದ್ದು ಅವಳಪ್ಪ ಹುಡುಗನಾಗಿದ್ದಾಗ. ತೋಪಯ್ಯ ಎಲ್ಲಿ ನೋಡಿದ್ದ? ಇಂಥ ಒಂದೇ ಒಂದು ಮಾತು ಸಿಕ್ಕರೆ ಸಾಕು, ಸಾವಿರಾರು ವರ್ಷದ ಹಿಂದಿನವರನ್ನೂ ಅವಳು ಬಿಟ್ಟವಳಲ್ಲ. ಎದ್ದಳು, ಕೂತಳು, ದುಪಟ್ಟಾದ ಅಂಚು ಹಿಂಡಿದಳು. ಹೇಳಿದರೆ ಮುದುಕಿಯ ಮಾನ ಹೋಗುತ್ತದೆ, ಗದ್ದುಗೆಯ ಮುಂದೆ ಹಾಡುವುದೂ ತಪ್ಪುತ್ತದೆ. ಹೇಳದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ಯಾವ ಸೌಭಾಗ್ಯಕ್ಕೆ?

“ಯಾಕವ್ವ, ಮೈಮೇಲೆ ಇರುವೆ ಬುಟ್ಕೊಂಡೋಳಂಗ್ ಆಡ್ತೀಯ?” ಎಂದ ದೇವರಾಜು, ಜೇಬಿನಿಂದ ಮೊಬೈಲು ತೆಗೆದ. “ಅಜ್ಜಿ, ಇನ್ನೊಂದ್ಸಲ ಹಾಡು. ರೆಕಾರ್ಡ್ ಮಾಡ್ಕೊತೀನಿ. ಕಮಿಟಿಯೋರೆಲ್ಲ ಕೇಳ್ಬೇಕು.”

ಹಾಡಿದರೆ ಮುಗಿಯಿತು. ಅಷ್ಟು ಜನರಲ್ಲಿ ಒಬ್ಬನಾದರೂ ಹಿಡಿಯದೆ ಇರುತ್ತಾನೆಯೆ?

“ದೇವರಾಜಣ್ಣ, ಒಸಿ ತಡೀರಿ,” ಎಂದುಬಿಟ್ಟಳು ಅಮೂಲ್ಯ. “ಅಜ್ಜೀ, ನಾನು ಚಿಕ್ಕೋಳಿದ್ದಾಗ ನೀನು ‘ಗಂಡಿಗೊಂದು ಹೆಣ್ಣಿಗೊಂದು ಬಾವಿ ಉಂಟೆ’ ಅಂತ ಹಾಡ್ತಿದ್ದೆ ಅಲ್ವಾ?”

ಅವಳು ಚಿಕ್ಕವಳಿದ್ದಾಗ ಈ ಪದವೇ ಇರಲಿಲ್ಲ. ಅಜ್ಜಿ ಒಂದು ಕಣ್ಣು ತೆರೆದು ಅವಳನ್ನು ನೋಡಿದಳು.

“ಹೂಂ ಕಣವ್ವ, ಬಾವೀನೇ.”

“ಈಗ ಕೊಳಾಯಿ ಅಂದಂಗಿತ್ತಲ್ಲ?” ಎಂದ ದೇವರಾಜು.

“ಹಲ್ಲಿಲ್ಲದ ಬಾಯಿ ಕಣ್ಲಾ. ನಾ ಏನೋ ಅಂತೀನಿ, ನಿಂಗೇನೋ ಕೇಳುಸ್ತದೆ. ಹಿಡಿ ಮೊಬೈಲ್ನ.”

ಈ ಸಲ ಬಾವಿಯ ನೀರು ಸರಾಗವಾಗಿ ಬಂತು. ಅಂಕಿತ ಬೀಳುತ್ತಲೇ ದೇವರಾಜು ಎರಡೂ ಕೈ ಮುಗಿದ. ಅಮೂಲ್ಯಳ ಕಡೆ ತಿರುಗಿ, “ತೋಪಯ್ಯಂದೇ ತಾನೆ?” ಎಂದ.

“ತೋಪಯ್ಯಂದೇ,” ಎಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು.

ದೇವರಾಜುವಿನ ಬೈಕು ಬೀದಿಯ ತಿರುವು ದಾಟುವವರೆಗೂ ಅಜ್ಜಿ ನೋಡುತ್ತ ಕೂತಳು. ಆಮೇಲೆ ಅಮೂಲ್ಯಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ನಿಟ್ಟುಸಿರುಬಿಟ್ಟಳು.

“ಪಾಪ ಕಣವ್ವ, ಆ ಪಾದ್ರಿ. ಅವನ ಎದುರುಮನೇಲಿ ನಿನ್ನಂಥೋಳು ಒಬ್ಳೂ ಇರ್ಲಿಲ್ಲ.”