ಹಿಂದಿನ ಸೀಟಿನ ಸಾಹೇಬರು

ಕಾರಿನ ಹಿಂದಿನ ಬಾಗಿಲು ತೆಗೆದು, ಇಳಿಯುವವರ ತಲೆಗೆ ಪೆಟ್ಟಾಗದಿರಲಿ ಅಂತ ಮೇಲೆ ಅಂಗೈ ಅಡ್ಡ ಹಿಡಿದು ನಿಂತ ಮೇಲೆಯೇ ಡ್ರೈವರ್‌ಗೆ ಹೊಳೆದದ್ದು, ಒಳಗೆ ಯಾರೂ ಇಲ್ಲ ಅಂತ. ಮಗಳು ಕೊಡಿಸಿದ ಕ್ಯಾಮೆರಾ ಮಾತ್ರ ಸೀಟಿನಲ್ಲಿ ಗತ್ತಾಗಿ ಕೂತಿತ್ತು.

ಎದುರಿನ ಗೂಡಂಗಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. "ಯಾರಪ್ಪಾ ಇಳೀಬೇಕು?"

"ಯಾರೂ ಇಲ್ಲಕ್ಕ. ಮೂವತ್ತು ವರ್ಷ ಸಾಹೇಬರ ಕಾರು ಓಡಿಸಿದ ಅಭ್ಯಾಸ. ಹೋದ ವಾರ ರಿಟೈರ್ ಆದೆ. ಒಬ್ಬನೇ ಊರು ನೋಡೋಣ ಅಂತ ನನ್ನ ಹಳೇ ಕಾರು ತಗೊಂಡು ಹೊರಟೆ."

ಬೆಳಿಗ್ಗೆ ಸಾಹೇಬರ ಬಡಾವಣೆಯಲ್ಲಿ ತೆಗೆದ ಫೋಟೋಗಳನ್ನು ತೋರಿಸಿದ. ಎಲ್ಲದರಲ್ಲೂ ಮುಚ್ಚಿದ ಗೇಟು. ಈ ಗಲ್ಲಿಯಲ್ಲೋ ಮನೆಗಳೆಲ್ಲ ಬಾಗಿಲು ತೆರೆದುಕೊಂಡೇ ಇದ್ದವು. ಮೇಲೆ ಒಣಹಾಕಿದ ಬಟ್ಟೆ ಕಾರಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಒಂದು ದಿನಾನಾದ್ರೂ ಹಿಂದೆ ಕೂತಿದ್ದೀಯಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಕೂತ್ಕೋ ಮತ್ತೆ." ಅವನನ್ನು ಕೂರಿಸಿ ಬಾಗಿಲು ಹಾಕಿದಳು. ಆಮೇಲೆ ನಗು ತಡೆದುಕೊಂಡು ತೆಗೆದಳು. "ಬನ್ನಿ ಸಾಹೇಬ್ರೇ, ಇಳೀರಿ."

ಎಷ್ಟು ಬಗ್ಗಬೇಕು ಅಂತ ಅವನಿಗೆ ತಿಳಿಯಲಿಲ್ಲ. ಎದ್ದ ರಭಸಕ್ಕೆ ಅವನ ನೆತ್ತಿ ತಾಗಿದ್ದು ಕಾರಿಗಲ್ಲ, ಇಸ್ತ್ರಿಯ ಬಿಸಿ ಇನ್ನೂ ಆರದ ಅವಳ ಅಂಗೈಗೆ.