ಕಾರಿಲ್ಲದವನ ಸರದಿ

ಶಾಲೆ ಬಿಡುವ ಹೊತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲಿನಲ್ಲಿ, ಎರಡು ಕಾರುಗಳ ನಡುವೆ, ವರ್ನನ್ ಪ್ರುಯಿಟ್ ಕಾಲ್ನಡಿಗೆಯಲ್ಲೇ ಸರದಿಯಲ್ಲಿ ನಿಂತಿದ್ದ. ಮುಂದಿನ ಕಾರು ಸರಿದರೆ ಇವನೂ ಸರಿಯುತ್ತಿದ್ದ, ಅದು ನಿಂತರೆ ಇವನೂ ನಿಲ್ಲುತ್ತಿದ್ದ. ಮೊಮ್ಮಗಳು ಜೂನಿಯನ್ನು ಕರೆದೊಯ್ಯಲು ಶಾಲೆಯವರು ಕೊಟ್ಟ ನಂಬರಿನ ಚೀಟಿಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದ. ಹಿಂದಿನ ಕಾರಿನವನು ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದ.

ಶಾಲೆಯ ಉಪಮುಖ್ಯಸ್ಥೆ ಕೆಂಡ್ರಾ ಹಾಲ್‌ಬ್ರೂಕ್ ವಾಕಿಟಾಕಿ ಹಿಡಿದು ಓಡಿಬಂದಳು. "ಏನ್ರೀ ಇದು ಪ್ರುಯಿಟ್ ಅವರೇ! ಚೀಟಿ ಕಾರಿನ ಕನ್ನಡಿಗೆ ತೂಗುಹಾಕ್ಬೇಕು, ಕುತ್ತಿಗೆಗಲ್ಲ."

"ಕಾರಿದೆ ಮೇಡಂ, ಓಡ್ಸೋಕೆ ಕಣ್ಣಿಲ್ಲ. ಲೈಸೆನ್ಸ್ ಕಿತ್ಕೊಂಡ್ರು ಅಂತ ಮೊನ್ನೇನೇ ಹೇಳ್ದೆನಲ್ಲ. ಅಗೋ, ಎದುರಿಗೆ ಕಾಣ್ತಿರೋದೇ ನನ್ನ ಮನೆ. ಮಗು ಕೈ ಹಿಡ್ಕೊಂಡು ರಸ್ತೆ ದಾಟಿದ್ರೆ ಮುಗೀತು."

"ನಡ್ಕೊಂಡು ಬರೋರ ಕೈಗೆ ಮಕ್ಕಳನ್ನ ಕೊಡೋ ಹಾಗಿಲ್ಲ. ಸುರಕ್ಷತೆಯ ನಿಯಮ."

"ಹಾಗಾದ್ರೆ ಬಸ್ಸಿಗೆ ಹತ್ತಿಸಿ."

"ಬಸ್ಸು ಎರಡು ಮೈಲಿ ಆಚೆ ಇರೋರಿಗೆ. ನೀವು ತೀರಾ ಹತ್ತಿರ ಇದೀರ."

ಹತ್ತಿರ ಇರುವುದು ಇಷ್ಟು ದೊಡ್ಡ ಅಪರಾಧವೆಂದು ವರ್ನನ್‌ಗೆ ಗೊತ್ತಿರಲಿಲ್ಲ. ಶಾಲೆ ನಿಂತ ಜಾಗ ಕೆಲವು ವರ್ಷಗಳ ಹಿಂದೆ ಅವನದೇ ಹತ್ತಿ ಹೊಲ. ಡಲ್ಲಾಸ್ ನಗರದ ಕಡೆಯ ಜನ ಮನೆ ಹುಡುಕಿಕೊಂಡು ಬಂದದ್ದೇ ಬಂದದ್ದು, ಹೊಲಗಳೆಲ್ಲ ಮನೆಗಳಾದವು. ಆ ಭಾಗದ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆಯವರು ಶಾಲೆಯ ಮೇಲೆ ಶಾಲೆ ಕಟ್ಟಿಸಿದರು. ಗೋಡೆಯ ಬಣ್ಣ ಒಣಗುವ ಮೊದಲೇ ಹಿಂದುಗಡೆ ತಗಡಿನ ತಾತ್ಕಾಲಿಕ ಕೋಣೆಗಳು ಬಂದು ಕೂತವು, 'ನಾವು ಬೆಳೆಯುತ್ತಿದ್ದೇವೆ!' ಎಂಬ ಬ್ಯಾನರು ಬೇಲಿಯ ಮೇಲೇರಿತು. ಇಷ್ಟೆಲ್ಲ ಹೊಳೆದವರಿಗೆ ಮನುಷ್ಯ ನಡೆಯಲು ಒಂದು ಕಾಲುದಾರಿ ಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಕಣ್ಣು ನೆಟ್ಟಗಿದ್ದಾಗ ವರ್ನನ್ ಕೂಡ ದಿನಾ ಕಾರು ತೆಗೆದು, ಬಡಾವಣೆಯನ್ನೆಲ್ಲ ಸುತ್ತಿ, ಗಂಟೆಗಟ್ಟಲೆ ಸಾಲಿನಲ್ಲಿ ಕೊಳೆತು, ಮಗುವನ್ನು ರಸ್ತೆಯ ಆ ಕಡೆಯಿಂದ ಈ ಕಡೆಗೆ ತರುತ್ತಿದ್ದ. ಆಗ ಅವನಿಗೂ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ನಿನ್ನೆ, ಮೊನ್ನೆ ಮಗಳು ಡಾರ್ಲಾ ಕೆಲಸ ಅರ್ಧಕ್ಕೆ ಬಿಟ್ಟು ಕಾರು ತಂದಿದ್ದಳು. ಅವಳದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ. ಇವತ್ತೂ ಹೊರಟರೆ ನಾಳೆಯಿಂದ ಬರುವುದೇ ಬೇಡ ಎಂದು ಅಲ್ಲಿಯ ಮೇಲ್ವಿಚಾರಕ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

"ನಾಲ್ಕು ಗಂಟೆಯೊಳಗೆ ಮಗೂನ ಕರ್ಕೊಂಡು ಹೋಗೋಕೆ ಕಾರು ಬರದಿದ್ರೆ ಪೊಲೀಸರಿಗೆ ಫೋನ್ ಮಾಡ್ಬೇಕಾಗುತ್ತೆ," ಎಂದಳು ಕೆಂಡ್ರಾ. "ನನ್ನ ಕೈಲಿ ಏನೂ ಇಲ್ಲ."

ಹಾರ್ನ್ ನಿಂತಿತು. ಹಿಂದಿನ ಕಾರಿನಿಂದ ಟೈ ಕಟ್ಟಿದ ಒಬ್ಬಾತ ಇಳಿದು ಬಂದ. ಕ್ರೇಗ್ ಲಿಂಡ್‌ಕ್ವಿಸ್ಟ್, ಜಿಲ್ಲೆಯ ಶಾಲೆಗಳಿಗೆಲ್ಲ ದೊಡ್ಡ ಸಾಹೇಬ. ಸಭೆಗೆಂದು ಬಂದವನು, ಒಳಗೆ ಹೋಗಲು ಇದೊಂದೇ ದಾರಿಯಾದ್ದರಿಂದ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಕೆಂಡ್ರಾ ವಿಷಯ ತಿಳಿಸಿದ್ದೇ ತಡ ಅವನ ಮುಖ ಅರಳಿತು.

"ಪ್ರುಯಿಟ್ ಅವರೇ, ನಾನೇ ನಿಮ್ಮನ್ನ ಕಾಣ್ಬೇಕು ಅಂತಿದ್ದೆ! ಈ ಕಾರುಗಳಿಗೆ ಇನ್ನೊಂದು ಸಾಲು ಬೇಕಾಗಿದೆ, ನಿಮ್ಮ ಮನೆ ಅಡ್ಡ ಬರ್ತಿದೆ. ಅದನ್ನ ನಮಗೆ ಮಾರಿಬಿಡಿ. ಎರಡು ಮೈಲಿ ಆಚೆ ಹೋಗಿ ಮನೆ ಮಾಡಿ. ಬಸ್ಸು ನಿಮ್ಮ ಬಾಗಿಲಿಗೇ ಬರುತ್ತೆ!"

"ಅಂದ್ರೆ ಮಗು ಮನೆಗೆ ಬರ್ಬೇಕಾದ್ರೆ ಮನೇನೇ ದೂರ ಓಡಿಹೋಗ್ಬೇಕು."

"ಹಾಗೆ ಯಾಕೆ ಅಂದ್ಕೋತೀರಿ? ಮಗುವಿನ ಭವಿಷ್ಯ ನೋಡಿ."

ವರ್ನನ್‌ಗೆ ಮೈಯೆಲ್ಲ ಉರಿದುಹೋಯಿತು. ಹೊಲ ನುಂಗಿದ್ದು ಸಾಲದೆ ಈಗ ವರಾಂಡಕ್ಕೂ ಬಾಯಿ ಹಾಕಿದ್ದಾರೆ. ಆದರೆ ಗಾಜಿನ ಬಾಗಿಲಿನ ಒಳಗೆ ಜೂನಿ ಮೂಗು ಒತ್ತಿಕೊಂಡು ನಿಂತಿದ್ದಳು. ಅವನು ಕುತ್ತಿಗೆಯ ಚೀಟಿ ತೆಗೆದು ಸಾಹೇಬನ ಮುಂದೆ ಹಿಡಿದ.

"ಮನೆ ವಿಷಯ ಆಮೇಲೆ ಮಾತಾಡೋಣ ಸಾರ್. ನಿಮ್ಮ ಹತ್ರ ಕಾರಿದೆಯಲ್ಲ, ಇವತ್ತು ಮಗೂನ ನೀವೇ ಮನೆಗೆ ಕರ್ಕೊಂಡ್ ಬನ್ನಿ. ಇಲ್ಲಾಂದ್ರೆ ನಾನು ಇಲ್ಲಿಂದ ಅಲ್ಲಾಡಲ್ಲ."

"ತಮಾಷೆ ಮಾಡ್ತೀರಾ? ಒಳಗೆ ಎಲ್ಲರೂ ನನಗೋಸ್ಕರ ಕಾಯ್ತಿದ್ದಾರೆ!"

"ನನಗೂ ಒಬ್ಬಳು ಕಾಯ್ತಿದ್ದಾಳೆ."

ಅಷ್ಟರಲ್ಲಿ ಹಿಂದೆ ಹೆದ್ದಾರಿಯವರೆಗೂ ಹಾರ್ನುಗಳ ಭಜನೆ ಶುರುವಾಗಿತ್ತು. ಕೆಂಡ್ರಾಳ ವಾಕಿಟಾಕಿ "ಸಾಲು ನಿಂತಿದೆ, ಸಾಲು ನಿಂತಿದೆ" ಎಂದು ಬಡಬಡಿಸತೊಡಗಿತು. ಆ ಜಿಲ್ಲೆಯಲ್ಲಿ ಗಣಿತದ ಪಾಠ ನಿಲ್ಲಬಹುದು, ಮೇಷ್ಟರಿಲ್ಲದೆ ತರಗತಿಯೇ ನಿಲ್ಲಬಹುದು, ಕಾರಿನ ಸಾಲು ನಿಲ್ಲಬಾರದು. ಸಾಹೇಬ ಹಲ್ಲು ಕಡಿದು ಚೀಟಿ ಕಸಿದುಕೊಂಡು ತನ್ನ ಕಾರಿನ ಕನ್ನಡಿಗೆ ತೂಗುಹಾಕಿದ.

ವರ್ನನ್ ಹುಲ್ಲಿನ ಮೇಲೆ ಕಾರಿನ ಪಕ್ಕದಲ್ಲೇ ನಡೆದ, ನಡುನಡುವೆ ಕಾರಿಗಾಗಿ ನಿಂತು ಕಾದ. ಬಾಗಿಲ ಬಳಿ ಆ ವಾರವಷ್ಟೇ ಕೆಲಸಕ್ಕೆ ಸೇರಿದ ಟೀಚರೊಬ್ಬಳಿದ್ದಳು. ಕನ್ನಡಿಯಲ್ಲಿ ತೂಗುತ್ತಿದ್ದ ನಂಬರು ನೋಡಿದಳು, ಕೂಗಿದಳು, ಜೂನಿಯನ್ನು ತಂದು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದು ಬಾಗಿಲು ಹಾಕಿದಳು. ಕಾರು ಓಡಿಸುವವನ ಮುಖ ನೋಡಲು ಅವಳಿಗೆ ಪುರಸೊತ್ತಿರಲಿಲ್ಲ.

"ಹೆದರ್ಬೇಡ ಪುಟ್ಟಿ, ಮನೆಗೇ ಬರ್ತಾರೆ," ಎಂದು ವರ್ನನ್ ಕೈ ಬೀಸಿದ. ರಸ್ತೆಯ ಬಾಣದ ಗುರುತು ತೋರಿಸಿದಂತೆ ಬಡಾವಣೆಯನ್ನೆಲ್ಲ ಸುತ್ತಿ ಬರಲು ಕಾರು ಮನೆಗೆ ಬೆನ್ನು ಹಾಕಿ ಬಲಕ್ಕೆ ತಿರುಗಿತು. ಕಿಟಕಿಯಲ್ಲಿ ಜೂನಿಯ ಅಳುಮುಖ ಸಣ್ಣದಾಗುತ್ತ ಹೋಯಿತು. ತಾನೇ ಮಾಡಿದ ಏರ್ಪಾಡಾದರೂ ಮುದುಕ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ ಮರಳಿ ಬಂದ.

"ಆ ಕಾರಿನಲ್ಲಿದ್ದೋರು ಯಾರು ಅಂತ ಗೊತ್ತೇನಮ್ಮ?" ಎಂದು ಟೀಚರನ್ನು ಕೇಳಿದ.

"ಗೊತ್ತಿಲ್ಲ ತಾತ," ಎಂದಳು ಅವಳು, ಮುಂದಿನ ಕಾರಿಗೆ ಕೈ ಬೀಸುತ್ತ. "ಆದ್ರೆ ಕಾರಿತ್ತಲ್ಲ."